ಕೆಂಚ್ಯಾನ ಪಥ್ಯ

ನಮ್ಮ ಮನೆಗೆ ಮೊದಲ ಸಲ ಬಂದವರು ಚಹಾದ ಒಂದು ಗುಟುಕು ಕುಡಿದು ಬಸಿಯೊಳಗೆ ಇಣುಕಿ ನೋಡುತ್ತಾರೆ. ಸಂಕೋಚದವರಾದರೆ ಬಸಿ ಕೆಳಗಿಟ್ಟು ಮಳೆಯ ಮಾತು ತೆಗೆಯುತ್ತಾರೆ. ನಮ್ಮ ಕಡೆಯವರೇ ಆದರೆ ಅಷ್ಟೆಲ್ಲ ಸುತ್ತು ಬಳಸುವುದಿಲ್ಲ. "ಚಾದಾಗ ಏನ್ ಹಾಕೀರಿ?" ಎಂದು ಕೇಳಿಯೇ ಬಿಡುತ್ತಾರೆ. ಹಾಕಿರುವುದು ಹಸಿಶುಂಠಿ ಮಾತ್ರ. ಆದರೆ ಆ ಶುಂಠಿಯನ್ನು ಜಜ್ಜಿದ ಹಿತ್ತಾಳೆ ಖಲಬತ್ತದಲ್ಲಿ ಹೋದ ವರ್ಷ ಶ್ರಾವಣವಿಡೀ ಬೇವಿನ ಸೊಪ್ಪು ಕುಟ್ಟಿದ್ದಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಯಿತು, ಬೂದಿ ಹಾಕಿ ತಿಕ್ಕಿದ್ದಾಯಿತು, ಪೇಟೆಯಿಂದ ತಂದ ಪುಡಿಯೂ ಮುಗಿಯಿತು. ಕಹಿ ಮಾತ್ರ ಅಲ್ಲೇ ಬಿಡಾರ ಹೂಡಿದೆ. ನನ್ನ ಹೆಂಡತಿ ಶಾಂತಾ ಅದನ್ನು ಅಟ್ಟಕ್ಕೆ ಹಾಕುತ್ತೇನೆನ್ನುತ್ತಾಳೆ. ಅವ್ವ ಬಿಡುವುದಿಲ್ಲ. "ಕಹಿ ಹೊಟ್ಟಿಗೆ ಚಲೋ" ಎನ್ನುತ್ತಾಳೆ. ಹೀಗಾಗಿ ಅತಿಥಿಗಳ ಹೊಟ್ಟೆಗೆ ಅವರಿಗೆ ತಿಳಿಯದಂತೆ ನಾವು ಉಪಕಾರ ಮಾಡುತ್ತಲೇ ಇದ್ದೇವೆ.

ಅವ್ವನ ತವರು ಕಲಘಟಗಿ ತಾಲೂಕಿನ ದುಮ್ಮವಾಡ. ಅಲ್ಲಿ ಬೇಲಿಗೊಂದು ಬಳ್ಳಿ, ಬಳ್ಳಿಗೊಂದು ಗುಣ. ಮದುವೆಯಾಗಿ ಅವಳು ಬಂದದ್ದು ನವಲಗುಂದದ ಕಡೆಯ ನಮ್ಮ ಎರೆಹೊಲದ ಊರಿಗೆ. ಇಲ್ಲಿ ಕಣ್ಣು ಹಾಯಿಸಿದಷ್ಟೂ ಹತ್ತಿ, ಹತ್ತಿ ಮುಗಿದರೆ ಕಡಲೆ, ಅದರ ಮೇಲೆ ಆಕಾಶ. ನೆರಳಿಗೆ ನಿಲ್ಲಬೇಕೆಂದರೂ ಊರೊಳಗೆ ಬರಬೇಕು. ಆದ್ದರಿಂದ ಅವ್ವನ ಪ್ರತಿಯೊಂದು ಔಷಧವೂ "ನಮ್ಮ ದುಮ್ಮವಾಡದಾಗ ಆಗಿದ್ರ..." ಎಂಬ ನಿಟ್ಟುಸಿರಿನಿಂದ ಆರಂಭವಾಗಿ, ಕೊನೆಗೆ ಗುಡಿಯ ಮುಂದಿನ ಬೇವಿನ ಮರದಲ್ಲಿ ಮುಗಿಯುತ್ತಿತ್ತು. ಆ ಮರ ನಮ್ಮ ಮನೆಗೆ ಸೊಪ್ಪು ಕೊಟ್ಟು ಕೊಟ್ಟೇ ಒಂದು ಕಡೆ ಬೋಳಾಗಿದೆ ಎಂದು ಊರಿನವರು ಆಡಿಕೊಳ್ಳುತ್ತಾರೆ.

ನನ್ನ ಬಾಲ್ಯ ನನಗೆ ನೆನಪಿರುವುದು ಹೆಚ್ಚಾಗಿ ನಾಲಿಗೆಯಲ್ಲಿ. ಕೆಮ್ಮಿದರೆ ಒಂದು ಕಹಿ, ಸೀನಿದರೆ ಇನ್ನೊಂದು, ಹೊಟ್ಟೆ ಹಿಡಿದುಕೊಂಡರೆ ಔಡಲೆಣ್ಣೆ. ಔಡಲೆಣ್ಣೆಯ ಕಾರ್ಯಕ್ರಮಕ್ಕೆ ಅಪ್ಪನ ಸಹಾಯವೂ ಬೇಕಾಗುತ್ತಿತ್ತು. ಅಪ್ಪ ಕೈ ಹಿಡಿಯುವುದು, ಅವ್ವ ಮೂಗು ಹಿಡಿಯುವುದು, ನಾನು ಬಾಯಿ ತೆರೆಯದೆ ಎಷ್ಟು ಹೊತ್ತು ಬದುಕಬಲ್ಲೆ ಎಂದು ನೋಡುವುದು. ಗೆದ್ದ ನೆನಪಿಲ್ಲ. ಬೇರೆ ಹುಡುಗರು ಪರೀಕ್ಷೆಯ ದಿನ ಹೊಟ್ಟೆನೋವೆಂದು ಮಲಗುತ್ತಿದ್ದರು. ನಾನು ನಿಜವಾಗಿ ಹೊಟ್ಟೆನೋವು ಬಂದ ದಿನವೂ ನಗುನಗುತ್ತ ಶಾಲೆಗೆ ಹೋಗುತ್ತಿದ್ದೆ. ಅಪ್ಪ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಅದನ್ನವರು ಈಗಲೂ ನನ್ನ ವಿದ್ಯಾಪ್ರೇಮವೆಂದೇ ನಂಬಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಔಷಧವಾದರೂ ಗಂಟಲಿಳಿದರೆ ಮುಗಿಯಿತು, ಪಥ್ಯ ಹಾಗಲ್ಲ. ಗಾಯವಾಗಲಿ, ಕುರುವಾಗಲಿ, ಕಜ್ಜಿಯಾಗಲಿ, ನಂಜಿನ ಪದಾರ್ಥ ಮುಟ್ಟುವಂತಿಲ್ಲ. ನಂಜಿನ ಸಾಲಿನಲ್ಲಿ ಎಲ್ಲಕ್ಕೂ ಮುಂದೆ ನಿಲ್ಲುವುದು ಬದನೆಕಾಯಿ. ಅದರ ಹಿಂದೆ ಶೇಂಗಾ, ಕುಂಬಳಕಾಯಿ, ಹುಳಿ, ಕರಿದದ್ದು, ಒಟ್ಟಿನಲ್ಲಿ ಬಾಯಿಗೆ ರುಚಿಸುವ ಸಮಸ್ತವೂ. ರೊಟ್ಟಿಯ ಬಾಜು ಬದನೆಕಾಯಿ ಎಣ್ಣೆಗಾಯಿ ಇಲ್ಲದಿದ್ದರೆ ಅದನ್ನು ಊಟವೆಂದೇ ಕರೆಯದ ಸೀಮೆ ನಮ್ಮದು. ಮೊಣಕಾಲಿನ ಗಾಯ ಒಣಗುವ ತನಕ ನಾನು ಎಲ್ಲರ ತಾಟನ್ನೂ ನೋಡುತ್ತ ಬೇಳೆಕಟ್ಟಿನಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಗಾಯದ ನೋವು ಎಂದೋ ಮರೆತುಹೋಗಿದೆ, ಆ ತಾಟುಗಳು ಮರೆತಿಲ್ಲ.

ಆಮೇಲೆ ನಾನು ದೊಡ್ಡವನಾದೆ. ನವಲಗುಂದದ ಕಚೇರಿಯೊಂದರಲ್ಲಿ ಗುಮಾಸ್ತನಾದೆ, ಜ್ವರ ಬಂದರೆ ಗುಳಿಗೆ ನುಂಗುವಷ್ಟು ಸ್ವತಂತ್ರನಾದೆ. ಶಾಂತಾಳೂ ಗುಳಿಗೆಯ ಪಕ್ಷದವಳೇ. ಅಪ್ಪ ಮಾತ್ರ ಎರಡೂ ಪಕ್ಷದಲ್ಲಿದ್ದು ಯಾವುದನ್ನೂ ಕುಡಿಯದೆ ಗಟ್ಟಿಯಾಗಿದ್ದರು. ಅವ್ವನಿಗೆ ರೋಗಿಗಳೇ ಇಲ್ಲವಾದರು. ಖಲಬತ್ತ ಚಟ್ನಿಗೆ ಇಳಿಯಿತು. ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ಅವಳು ಕಿವಿ ನಿಮಿರಿಸಿ ಕೂಡುವುದನ್ನು ನೋಡಿ ನನಗೇ ಕನಿಕರವಾಗುತ್ತಿತ್ತು.

ಆಗ ಕೆಂಚ್ಯಾನಿಗೆ ಕಜ್ಜಿಯಾಯಿತು.

ಕೆಂಚ್ಯಾ ನಾಯಿ. ಯಾರ ನಾಯಿ ಎಂದು ಕೇಳಿದರೆ ಉತ್ತರ ಕಷ್ಟ. ಮಲಗುವುದು ನಮ್ಮ ಕಟ್ಟೆಯ ಮೇಲೆ, ಊಟ ಓಣಿಯ ಎಲ್ಲ ಮನೆಗಳಲ್ಲಿ. ನಮ್ಮಲ್ಲಿ ರೊಟ್ಟಿ ಬಡಿಯುವವರು ಉಳಿದ ಕೊನೆಯ ಹಿಟ್ಟಿನಲ್ಲಿ ನಾಯಿಗೆಂದು ಒಂದು ಸಣ್ಣ ರೊಟ್ಟಿ ಬಡಿದಿಡುತ್ತಾರೆ. ಬಾಗಿಲಿಗೆ ಬಂದ ನಾಯಿಯನ್ನು ಬರಿಬಾಯಲ್ಲಿ ಕಳಿಸಿದ ಮನೆಯೆಂಬ ಹೆಸರು ಯಾರಿಗೂ ಬೇಡ. ಕೆಂಚ್ಯಾನೋ, ಒಣರೊಟ್ಟಿಯನ್ನು ಮೂಸಿ ನೋಡಿ, ಹಾಕಿದವರ ಮುಖ ನೋಡಿ, ಮೇಲೆ ಪಲ್ಯ ಬೀಳುವ ತನಕ ಕಾಯುವ ಜಾತಿಯವನು. ಮುಂಜಾನೆ ಅಪ್ಪ ಬಸ್‌ಸ್ಟ್ಯಾಂಡಿನ ತನಕ ಅಡ್ಡಾಡಲು ಹೋದರೆ ಅವನೂ ಹೋಗುತ್ತಿದ್ದ. ಮೊದಲು ಅಪ್ಪನ ಜೊತೆ ಗೆಳೆಯರ ಒಂದು ಗುಂಪೇ ಇರುತ್ತಿತ್ತು. ಒಬ್ಬೊಬ್ಬರಾಗಿ ಕಡಿಮೆಯಾಗಿ, ಕೊನೆಗೆ ಅಪ್ಪನ ಮಾತು ಕೇಳಲು ಉಳಿದವನು ಕೆಂಚ್ಯಾ ಒಬ್ಬನೇ. ಅಪ್ಪ ಅವನಿಗೆ ಪೇಪರಿನ ಸುದ್ದಿ ಹೇಳುತ್ತ ನಡೆಯುತ್ತಿದ್ದರು. ಅವನು ನಡುವೆ ಬಾಯಿ ಹಾಕುತ್ತಿರಲಿಲ್ಲ, ಅದು ಅಪ್ಪನಿಗೆ ಬಹಳ ಹಿಡಿಸಿತ್ತು.

ಆಷಾಢದ ಕೊನೆಗೆ ಅವನು ಕಿವಿಯ ಹಿಂದೆ ಕೆರೆಯಲು ಶುರುಮಾಡಿದ. ಹಾಗೇ ಬೆನ್ನು, ಬಾಲದ ಬುಡ. ಕೂದಲು ಉದುರಿ ಚರ್ಮ ಹಪ್ಪಳದಂತೆ ಎದ್ದಿತು. ಎದುರುಮನೆಯ ಗಂಗಕ್ಕನಿಗೆ ನಮ್ಮ ಓಣಿಯಲ್ಲಿ ಯಾವ ಹುದ್ದೆಯೂ ಇಲ್ಲ, ಆದರೆ ಅವಳು ಹೇಳಿದ ಮೇಲೆ ಇನ್ನೊಬ್ಬರು ಮಾತಾಡುವ ಪದ್ಧತಿಯೂ ಇಲ್ಲ. ಒಂದು ಸಂಜೆ ಅವಳು ನಾಲ್ಕಾರು ಹೆಂಗಸರನ್ನು ಹಿಂದಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದಳು.

"ಯಕ್ಕಾ, ಸಿಟ್ಟಾಗಬ್ಯಾಡ. ಹುಡುಗೂರು ಅದರ ಮೈಮ್ಯಾಲೆ ಬಿದ್ದು ಆಡ್ತಾವು. ನಾಳೆ ಅವಕ್ಕೂ ಹತ್ತಿದ್ರ? ಗಣಪತಿ ಕುಂದ್ರಸೂದರೊಳಗ ಅದನ್ನ ಎಲ್ಯಾರ ದೂರ ಹೊಲದಾಗ ಬಿಟ್ಟು ಬರ್ರಿ."

ಅಪ್ಪ ಪೇಪರನ್ನು ಮುಖಕ್ಕೆ ಹತ್ತಿರ ತಂದುಕೊಂಡರು. ಅವ್ವ ಎದ್ದು ನಿಂತಳು.

"ಬಿಟ್ಟು ಬರೂದು ಯಾಕ? ನಾ ಔಷಧ ಮಾಡ್ತೇನಿ. ಗಣಪತಿ ಬರೂದ್ರಾಗ ಕೂದ್ಲಾ ಬಂದು ಮೊದಲಿನಂಗ ಆಗಲಿಲ್ಲಂದ್ರ ನಾನ ಕಳಿಸ್ತೇನಿ. ಇದು ನನ್ನ ಮಾತು."

ಅವ್ವನ ಮಾತೆಂದರೆ ಏನೆಂದು ಓಣಿಗೆಲ್ಲ ಗೊತ್ತು. ಹಿಂದೊಮ್ಮೆ ತಂಗಿಯ ಜೊತೆ ಜಗಳವಾಡಿ ದುಮ್ಮವಾಡದ ಹೊಸ್ತಿಲು ತುಳಿಯುವುದಿಲ್ಲ ಎಂದವಳು, ರಾಜಿಯಾದ ಮೇಲೂ ಹಿತ್ತಲ ಬಾಗಿಲಿಂದಲೇ ಹೋಗಿ ಬರುತ್ತಾಳೆ.

ಮರುದಿನವೇ ಖಲಬತ್ತದ ಸದ್ದು ಶುರುವಾಯಿತು. ಬೇವಿನ ಸೊಪ್ಪು, ಅರಿಷಿಣ, ಒಂದಿಷ್ಟು ಕೊಬ್ಬರಿ ಎಣ್ಣೆ. ಅವ್ವ ಎಷ್ಟು ಹುರುಪಿನಿಂದ ಕುಟ್ಟಿದಳೆಂದರೆ ಗೋಡೆಯ ಕ್ಯಾಲೆಂಡರ್ ತಾಳ ಹಾಕಿತು. ಕೆಂಚ್ಯಾನನ್ನು ಹಿಡಿದುಕೊಳ್ಳುವ ಕೆಲಸ ನನ್ನದು, ಹಚ್ಚುವುದು ಅವಳದು. ಮೂತಿಯೊಂದನ್ನು ಬಿಟ್ಟು ಅವನು ಇಡಿಯಾಗಿ ಹಳದಿಯಾದ. ನೋಡಲು ನೆರೆದ ಹೆಂಗಸರು "ಮದುಮಗನ್ನ ಮಾಡೀರಿ, ಹೆಣ್ಣ ಎಲ್ಲಿಂದ ತರ್ತೀರಿ?" ಎಂದು ನಕ್ಕರು. ಕೈಬಿಟ್ಟ ಕೂಡಲೇ ಮದುಮಗ ಮೈ ಒರೆಸಿಕೊಳ್ಳಲು ಹೊರಟ. ಒಂದೇ ವಾರದಲ್ಲಿ ಓಣಿಯ ಎಲ್ಲ ಗೋಡೆಗಳ ಮೇಲೆ, ಎಲ್ಲ ಕಡೆ ಒಂದೇ ಎತ್ತರದಲ್ಲಿ, ಹಳದಿ ಪಟ್ಟಿ ಮೂಡಿತು. ಪೇಂಟರನನ್ನು ಕರೆಸಿದ್ದರೂ ಅಷ್ಟು ನೆಟ್ಟಗೆ ಬರುತ್ತಿರಲಿಲ್ಲ. ನನ್ನ ಪ್ಯಾಂಟಿನ ಮೊಣಕಾಲಿಗೂ ಬಂತು. ಕಚೇರಿಯಲ್ಲಿ ಯಾರ ಮದುವೆ ಎಂದು ಕೇಳಿದರು. ನಾಯಿಯ ವಿಷಯ ಹೇಳುವುದು ಸರಿಯಲ್ಲವೆಂದು ದೂರದ ಸಂಬಂಧಿಯದು ಎಂದೆ. ಆಮೇಲೆ ಅವರು ಊಟಕ್ಕೆ ಏನಿತ್ತು ಎಂದು ಕೇಳಿದ್ದರಿಂದ ಸುಳ್ಳಿಗೆ ಜಿಲೇಬಿಯನ್ನೂ ಸೇರಿಸಬೇಕಾಯಿತು.

ಹಚ್ಚುವುದು ಹೇಗೋ ನಡೆಯಿತು, ಕುಡಿಸುವುದು ನಡೆಯಲಿಲ್ಲ. ಅವ್ವ ಬೇವು, ಜೀರಿಗೆ ಕುದಿಸಿ ಒಂದು ಕಷಾಯ ಮಾಡಿದ್ದಳು. ಕೆಂಚ್ಯಾ ಅದರ ವಾಸನೆಗೇ ತಲೆ ತಿರುಗಿಸಿದ.

"ಲೇ ತಮ್ಮಾ, ಅದಕ್ಕ ಅಂಜಿಕಿ. ನೀ ಒಂದೀಟು ಕುಡುದ ತೋರ್ಸು. ನೋಡಿ ಕಲೀತೈತಿ."

"ಅವ್ವಾ, ಅದು ನಾಯಿ."

"ನೀ ಸಣ್ಣವಿದ್ದಾಗ ನಾ ಕುಡುದು ತೋರಸ್ತಿದ್ದಿಲ್ಲೇನು? ನೀನರ ಏನ್ ದೊಡ್ಡ ಶಾಣ್ಯಾ ಇದ್ದಿ?"

ಐವತ್ತರ ಹತ್ತಿರ ಬಂದ ಗುಮಾಸ್ತನಾದ ನಾನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ನಾಯಿಯ ಕಣ್ಣಲ್ಲಿ ಕಣ್ಣಿಟ್ಟು, ನಾಯಿಯ ಔಷಧ ಕುಡಿದೆ. ಮುಖ ಸಿಂಡರಿಸಬಾರದೆಂದು ಅವ್ವ ಮೊದಲೇ ಹೇಳಿದ್ದಳು. ಕೆಂಚ್ಯಾ ಬಹಳ ಆಸಕ್ತಿಯಿಂದ ಕೊನೆಯ ಹನಿಯ ತನಕ ನೋಡಿದ. ಆಮೇಲೆ ಎದ್ದು ಗಂಗಕ್ಕನ ಮನೆಗೆ ಹೋದ.

ಇದಾದ ಮೇಲೆ ನಾನು ಅವನನ್ನು ಬೈಕಿನ ಮೇಲೆ, ಅಪ್ಪನ ತೊಡೆಯಲ್ಲಿ ಕೂರಿಸಿ, ಪೇಟೆಯ ದನದ ದವಾಖಾನೆಗೆ ಒಯ್ದೆ. ಎಳೆಯ ವಯಸ್ಸಿನ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಮತ್ತೆ ಕರೆತರಲು ಹೇಳಿದರು. "ಬೇವು-ಅರಿಷಿಣ ಹಚ್ರಿ, ಅಡ್ಡಿ ಇಲ್ಲ. ಕುಡಸಾಕ ಹೋಗಬ್ಯಾಡ್ರಿ" ಎಂದರು. ಕುಡಿದವನು ಇಲ್ಲೇ ಇದ್ದಾನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಎಲ್ಲವನ್ನೂ ಅವ್ವನಿಗೆ ಒಪ್ಪಿಸಿದೆ. ಇಂಜೆಕ್ಷನ್ನಿಗೆ ಅವಳು ಬೇಸರಪಟ್ಟುಕೊಳ್ಳಲಿಲ್ಲ, ಕಷಾಯವನ್ನೂ ಬಿಟ್ಟುಕೊಟ್ಟಳು. ಒಂದೇ ಪ್ರಶ್ನೆ ಕೇಳಿದಳು.

"ಪಥ್ಯ ಏನ್ ಹೇಳ್ಯಾರ?"

"ಪಥ್ಯ ಏನೂ ಇಲ್ಲಂತ. ಏನರ ತಿನ್ನಲಿ ಅಂದ್ರು."

ಅವ್ವ ಖಲಬತ್ತವನ್ನು ಹತ್ತಿರ ಎಳೆದುಕೊಂಡಳು. "ಪಥ್ಯ ಹೇಳದ ಡಾಕ್ಟರ್ ಎಂಥಾ ಡಾಕ್ಟರೋ ತಮ್ಮಾ? ಪಾಪ, ಸಣ್ಣ ಹುಡುಗ ಇರಬೇಕು."

ಅಂದಿನಿಂದ ಕೆಂಚ್ಯಾನ ಪಥ್ಯ ಶುರುವಾಯಿತು. ಆದರೆ ಓಣಿಯೆಲ್ಲ ಉಣ್ಣುವ ನಾಯಿಗೆ ಪಥ್ಯ ಮಾಡಿಸುವುದು ಹೇಗೆ? ಬಂದ ನಾಯಿಗೆ ರೊಟ್ಟಿ ಹಾಕಬೇಡಿ ಎನ್ನುವಂತಿಲ್ಲ. ಬರಿರೊಟ್ಟಿ ಅವನು ಮುಟ್ಟುವುದಿಲ್ಲ. ಪಲ್ಯ ಹಾಕಲೇಬೇಕು, ಪಲ್ಯದಲ್ಲಿ ನಂಜು ಇರಬಾರದು. ಹಾಗಾದರೆ ಉಳಿದ ದಾರಿ ಒಂದೇ, ಓಣಿಯಲ್ಲಿ ಯಾರೂ ಬದನೆಕಾಯಿ ಮಾಡಬಾರದು. ನೀವು ನಗುತ್ತಿದ್ದೀರಿ. ಅವ್ವ ಸೆರಗು ಹೊದ್ದು ಮನೆಮನೆಗೆ ಹೋಗಿ ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ಪಥ್ಯವೆಂದ ಮೇಲೆ ಪಥ್ಯ. ಅಸಡ್ಡೆ ಮಾಡಿ ನಂಜಾದರೆ ಪಾಪ ಯಾರ ಮೇಲೆ?

ಗಂಗಕ್ಕ ಮಾತ್ರ ಸ್ವಲ್ಪ ಎಳೆದಾಡಿದಳು. "ಯಕ್ಕಾ, ಪಂಚಮಿಗೆ ಮಗಳು ಅಳಿಯಾ ಬರವ್ರು. ಅಳಿಯಗ ಎಣ್ಣಿಗಾಯಿ ಅಂದ್ರ ಜೀವ."

"ಅಳಿಯಗ ಕಜ್ಜಿ ಆಗೇತೇನು? ಅವಗ ಊರಾಗ ದಿನಾ ಮಾಡಿ ಹಾಕ್ತಾಳ ನಿನ್ನ ಮಗಳು. ಇಲ್ಲಿ ಹೀರಿಕಾಯಿ ತಿನ್ನಲಿ."

ಪಂಚಮಿಯಲ್ಲಿ ಗಂಗಕ್ಕನ ಅಳಿಯ ಹೀರೆಕಾಯಿ ಪಲ್ಯ ತಿಂದ. ಶೇಂಗಾ ಉಂಡೆಗಳು ಡಬ್ಬಿಯಲ್ಲಿ, ಡಬ್ಬಿ ಟ್ರಂಕಿನಲ್ಲಿ, ಟ್ರಂಕಿಗೆ ಕೀಲಿ. ಉಂಡೆ ತಿನ್ನಬೇಕೆಂದರೆ ಕೆಂಚ್ಯಾನಿಗೆ ಕಾಣದಂತೆ ಬಾಗಿಲು ಹಾಕಿಕೊಂಡು ಮೆಲ್ಲಗೆ ತಿನ್ನಬೇಕು. ಹಬ್ಬದ ದಿನ ಓಣಿಯ ಎಲ್ಲ ಬಾಗಿಲುಗಳೂ ಹಾಕಿದ್ದನ್ನು ಕಂಡು, ಜೋಕಾಲಿ ಆಡಲು ಬಂದ ಬೇರೆ ಓಣಿಯವರು ಏನೋ ಅಶುಭವಾಗಿದೆಯೆಂದು ತಿರುಗಿ ಹೋದರಂತೆ. ಕಾಯಿಪಲ್ಯೆ ಮಾರುವ ಹೆಂಗಸು ದಿನವೂ ಬದನೆಕಾಯಿ ಹಾಗೇ ಉಳಿಯುವುದನ್ನು ನೋಡಿ ಇದು ಶ್ರಾವಣದ ಹೊಸ ವ್ರತವೆಂದು ತಿಳಿದಳು. ಹಾಗೆಂದು ಮುಂದಿನ ಓಣಿಯಲ್ಲಿ ಹೇಳಿದ್ದರಿಂದ ಅಲ್ಲಿಯೂ ಕೆಲವರು ಬಿಟ್ಟರು. ಯಾವ ದೇವರಿಗೆ ಎಂದು ಅವರಿಗೆ ಇವತ್ತಿನ ತನಕ ಗೊತ್ತಿಲ್ಲ.

ಇಷ್ಟಾದರೂ ಕೆಂಚ್ಯಾ ಕೆರೆಯುವುದನ್ನು ಬಿಡಲಿಲ್ಲ. ಅವ್ವ ಯೋಚನೆಗೆ ಬಿದ್ದಳು. ಎಲ್ಲಿಯೋ ಪಥ್ಯ ಕೆಡುತ್ತಿದೆ ಎಂದಳು. ಮನೆಮನೆಯ ಗಡಿಗೆ ಮೂಸಿ ಬಂದಳು. ಸಿಗಲಿಲ್ಲ. ಸಿಕ್ಕದ್ದು ಗಂಗಕ್ಕನಿಗೆ, ಅಣ್ಣಿಗೇರಿಗೆ ಹೋಗಲೆಂದು ಮುಂಜಾನೆಯ ಬಸ್ಸಿಗೆ ನಿಂತಾಗ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಹಿಂದೆ ಅಪ್ಪ ಬಿಸಿ ಮಿರ್ಚಿಭಜಿ ತಿನ್ನುತ್ತಿದ್ದರು. ಎದುರಿಗೆ ಕೂತ ಕೆಂಚ್ಯಾನಿಗೆ ಅರ್ಧರ್ಧ ಮುರಿದು, ಊದಿ, ಆರಿಸಿ ಕೊಡುತ್ತಿದ್ದರು.

ಗಂಗಕ್ಕ ಬಸ್ಸು ಬಿಟ್ಟಳು. ಅಪ್ಪನನ್ನೂ ಕೆಂಚ್ಯಾನನ್ನೂ ಮುಂದೆ ನಡೆಸಿಕೊಂಡು ಓಣಿಗೆ ಬಂದಳು. ನಡುಓಣಿಯಲ್ಲೇ ನಿಲ್ಲಿಸಿಕೊಂಡು ವಿಚಾರಣೆ ಶುರುಮಾಡಿದಳು.

"ಮಾಸ್ತರ್ರ, ನಾವೆಲ್ಲಾ ಬದ್ನಿಕಾಯಿ ಬಿಟ್ಟು ಕುಂತೇವಿ. ನನ್ನ ಅಳಿಯಾ ಹೀರಿಕಾಯಿ ತಿಂದು ಹೋದ. ನೀವು ಹಿಂಗ ಕದ್ದು ಮಿರ್ಚಿ ತಿನಸ್ತೀರಿ? ನಾಲ್ಕು ಮಂದಿಗೆ ಬುದ್ಧಿ ಹೇಳಿದಾವ್ರು ನೀವು!"

ಊರಿನ ಅರ್ಧಕ್ಕರ್ಧ ಮಂದಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ ಅಪ್ಪ, ಧೋತರದ ಚುಂಗಿನಿಂದ ಬಾಯಿಯ ಎಣ್ಣೆ ಒರೆಸಿಕೊಂಡು ತಲೆ ತಗ್ಗಿಸಿ ನಿಂತರು. "ಅದು ನನ್ನ ಮಾರಿ ನೋಡತಿತ್ತವಾ" ಎಂದರು, ಅಷ್ಟೇ. ಗಂಗಕ್ಕನೂ ಅವರ ಶಾಲೆಯಲ್ಲೇ ಕಲಿತವಳು. ಅಷ್ಟು ವರ್ಷಗಳ ಬಾಕಿಯನ್ನು ಅವಳು ಒಂದೇ ಮುಂಜಾನೆ ತೀರಿಸಿಕೊಂಡಳೆಂದು ನನ್ನ ಅನುಮಾನ. ಮರುದಿನದಿಂದ ಅಪ್ಪನ ಅಡ್ಡಾಟ ಬಸ್‌ಸ್ಟ್ಯಾಂಡಿನ ವಿರುದ್ಧ ದಿಕ್ಕಿಗೆ ತಿರುಗಿತು. ಸರದಿಯ ಮೇಲೆ ಓಣಿಯವರು ಯಾರಾದರೊಬ್ಬರು ಹಿಂದೆ ಕಾವಲಿಗೆ ಹೋಗುತ್ತಿದ್ದರು. ಪೇಪರಿನ ಸುದ್ದಿ ಅವರಿಗೂ ಉಚಿತವಾಗಿ ಸಿಗತೊಡಗಿತು.

ಆಮೇಲೆ ಕೆರೆತ ನಿಜಕ್ಕೂ ಕಡಿಮೆಯಾಯಿತು. ಇಂಜೆಕ್ಷನ್ನೋ, ಬೇವೋ, ಮಿರ್ಚಿ ನಿಂತದ್ದೋ, ನಾನು ಹೇಳಲಾರೆ. ದವಾಖಾನೆಗೆ ಮತ್ತೆ ಒಯ್ದಾಗ ಡಾಕ್ಟರು ರೋಗ ಹೋಗಿದೆ, ಇನ್ನು ಯಾರಿಗೂ ಹತ್ತುವುದಿಲ್ಲ ಎಂದರು. ಆದರೆ ಕೂದಲು ಬರಲಿಲ್ಲ. ಗಣಪತಿ ಹಬ್ಬ ನಾಳೆ ಎನ್ನುವಾಗ ಕೆಂಚ್ಯಾ ಬೋಳು ಬೆನ್ನು ಹೊತ್ತು, ನುಣ್ಣಗೆ, ಹಳದಿಯಾಗಿ ಓಡಾಡುತ್ತಿದ್ದ. ಅವ್ವ ಅವನ ಮೈಮೇಲೆ ಕೈಯಾಡಿಸಿ, ಬೆಳಕಿಗೆ ಹಿಡಿದು, ಕನ್ನಡಕ ಹಾಕಿಕೊಂಡು ಹುಡುಕಿದಳು. ನವಿರಾದ ನಾಲ್ಕು ರೋಮ ಕಂಡರೂ ಕೂದಲೆಂದು ಹೇಳುವ ಹಾಗಿರಲಿಲ್ಲ.

"ಕೂದ್ಲಾ ಬಂದು ಮೊದಲಿನಂಗ ಅಂದಿದ್ದೆ" ಎಂದಳು. "ಆಗಲಿಲ್ಲ. ಒಯ್ಯಿ."

"ರೋಗ ಹೋಗೇತಿ ಅಂತ ಡಾಕ್ಟರೇ ಹೇಳ್ಯಾರಲ್ಲವ್ವಾ."

"ಡಾಕ್ಟರ್ ಮಾತು ಡಾಕ್ಟರ್‌ಗೆ. ಮಾತು ಕೊಟ್ಟಾಕಿ ನಾನು." ಅವಳು ಒಳಗೆ ಹೋದಳು. ಖಲಬತ್ತವನ್ನು ತೊಳೆದು ಬೋರಲು ಹಾಕಿದ ಸದ್ದು ಕೇಳಿತು.

ತಿರ್ಲಾಪುರದಲ್ಲಿ ಗೆಳೆಯನೊಬ್ಬನ ಹೊಲದ ಮನೆಯಿದೆ. ನಾಯಿ ಬೇಕೆಂದು ಅವನು ಕೇಳಿದ್ದ. ಬಾಡಿಗೆಗೆ ಒಂದು ಟಂಟಂ ಆಟೋ ಕರೆಸಿದೆ. ಕೆಂಚ್ಯಾ ಯಾವ ತಕರಾರೂ ಇಲ್ಲದೆ ಹತ್ತಿ ಕೂತ, ದವಾಖಾನೆಗೆ ಹೋಗಿ ಹೋಗಿ ಅವನಿಗೆ ಗಾಡಿ ರೂಢಿಯಾಗಿತ್ತು. ಅಪ್ಪ ಬಂದು ಅವನ ತಲೆಯ ಮೇಲೆ ಕೈಯಿಟ್ಟು ನಿಂತರು.

"ಮುಂಜಾನೆ ನಾ ಯಾರ ಜೋಡಿ ಮಾತಾಡ್ಲಿ?" ಎಂದರು. ನನ್ನನ್ನು ಕೇಳಿದ್ದಲ್ಲ, ಯಾರನ್ನೂ ಕೇಳಿದ್ದಲ್ಲ. ಗುಮಾಸ್ತನ ಕೆಲಸ ಮಾಡಿ ಮಾಡಿ ಹೇಳಿದ್ದನ್ನು ಮುಗಿಸುವುದಷ್ಟೇ ಗೊತ್ತಿರುವ ನಾನು ಡ್ರೈವರನಿಗೆ ನಡೆಯೆಂದೆ.

ಗಾಡಿಯ ಸದ್ದಿಗೆ ಗಂಗಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳ ಹಿಂದೆ ಉಳಿದವರೂ ಬಂದರು.

"ಎಲ್ಲಿಗೆ ಹೊಂಟೀರಿ ತಮ್ಮಾ? ದವಾಖಾನಿಗೇನು?"

"ಇಲ್ರಿ ಗಂಗಕ್ಕ. ಹೊಲದಾಗ ಬಿಟ್ಟು ಬರ್ತೇನಿ. ಕೂದ್ಲಾ ಬರಲಿಲ್ಲ. ಮಾತು ಹಂಗ ಆಗಿತ್ತಲ್ರಿ."

ಗಂಗಕ್ಕ ಬಂದು ಟಂಟಂ ಮುಂದೆ ನಿಂತಳು. ಗಾಡಿಗಿಂತ ಅವಳೇ ಅಗಲವಾಗಿದ್ದಳು.

"ಹೊಲದಾಗ ಬಿಡ್ತೀ? ಶ್ರಾವಣ ತುಂಬ ನನ್ನ ಮನ್ಯಾಗ ಬದ್ನಿಕಾಯಿ ಬಂದಿಲ್ಲ. ಅಳಿಯಾ ಊರಿಗೆ ಹೋಗಿ, ಅತ್ತಿ ಮನ್ಯಾಗ ಹೀರಿಕಾಯಿ ಹಾಕಿ ಕಳಿಸ್ಯಾರಂತ ಹೇಳ್ಯಾನ. ಪಂಚಮಿ ಉಂಡಿ ಕಳ್ಳರಂಗ ತಿಂದೇವಿ. ಅಣ್ಣಿಗೇರಿ ಬಸ್ ಬಿಟ್ಟೇನಿ. ಇಷ್ಟೆಲ್ಲಾ ಮಾಡಿದ್ದು ತಿರ್ಲಾಪುರದವರಿಗೆ ನಾಯಿ ಕೊಡಾಕೇನು? ಇಳಸು ಕೆಳಗ!"

"ನೀವ ಹೇಳಿದ್ರೆಲ್ರಿ, ದೂರ ಬಿಟ್ಟು ಬರ್ರಿ ಅಂತ..."

"ಆವಾಗ ಅದು ನಿಮ್ಮ ನಾಯಿ ಇತ್ತು" ಎಂದಳು ಗಂಗಕ್ಕ.

ಕೆಂಚ್ಯಾ ಇದೆಲ್ಲ ಇತ್ಯರ್ಥವಾಗುವ ತನಕ ಕಾಯಲಿಲ್ಲ. ಅವಳ ಕೈಯ ಹಿಟ್ಟಿನ ವಾಸನೆಗೆ ತಾನೇ ಜಿಗಿದು ಕೆಳಗಿಳಿದ. ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಟಂಟಂನ ಹೊಗೆ ಬಹಳ ಎಂದು ಡ್ರೈವರನನ್ನು ಬೈದರು. ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. ಬೈಯಲು ಅವಳಿಗೆ ಯಾರೂ ಸಿಗಲಿಲ್ಲ, ಸುಮ್ಮನೆ ಅತ್ತಳು.

ಗಂಗಕ್ಕ ಅವಳತ್ತ ತಿರುಗಿದಳು. "ಯಕ್ಕಾ, ಅಳೂದು ಆಮ್ಯಾಲೆ. ಮೊದಲು ಹೇಳು, ಪಥ್ಯ ಇನ್ನೂ ಎಲ್ಲೀ ಮಟಾ?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಕೆಂಚ್ಯಾನ ಬೆನ್ನನ್ನು ದೂರದಿಂದಲೇ ಅಳೆದಳು. "ಕೂದ್ಲಾ ಪೂರಾ ಬರೂ ಮಟಾ" ಎಂದಳು, ವೈದ್ಯರ ಧ್ವನಿಯಲ್ಲಿ.

ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾಳೆಯ ನೈವೇದ್ಯದ ಕರಿಗಡುಬು ಎಲ್ಲರ ತಲೆಯಲ್ಲೂ ಹಾದುಹೋಗಿರಬೇಕು. ಗಂಗಕ್ಕ ಒಂದು ದೊಡ್ಡ ಉಸಿರು ಬಿಟ್ಟು, ಹಿಟ್ಟಿನ ಕೈ ಝಾಡಿಸಿ ಒಳಗೆ ನಡೆದಳು.

"ಹಂಗಾದ್ರ ಈ ವರ್ಷ ಗಣಪತಿಗೂ ಪಥ್ಯಾನ ತಗೋರಿ."